ಶಾಪ್‌ಫ್ಲೋರ್‌ನಿಂದ ಮಹಾಪ್ರಬಂಧಕ್ಕೆ

ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಲಿಲಿಯನ್ ಗಿಲ್‌ಬ್ರೆತ್ ಎಂಬಾಕೆ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಿಎಚ್‌ಡಿಗಾಗಿ ಮಹಾಪ್ರಬಂಧವೊಂದನ್ನು ಬರೆದು ಮುಗಿಸಿದರು. ಕೆಲಸಗಾರರ ಮನಸ್ಸನ್ನು ಅರಿಯದೆ ಕಾರ್ಖಾನೆ ನಡೆಸಲಾಗದು ಎಂಬುದು ಅದರ ತಿರುಳು. ಪದವಿಗೆ ಅಡ್ಡ ಬಂದದ್ದು ವಾಸದ ನಿಯಮ. ಕೊನೆಯ ವರ್ಷವನ್ನು ಕ್ಯಾಂಪಸ್ಸಿನಲ್ಲೇ ಕಳೆಯಬೇಕು ಎಂದಿತು ವಿಶ್ವವಿದ್ಯಾಲಯ. ಗಿಲ್‌ಬ್ರೆತ್ ಅವರ ಸಂಸಾರವೆಲ್ಲ ದೇಶದ ಇನ್ನೊಂದು ತುದಿಯಲ್ಲಿತ್ತು. ಮನೆಯಲ್ಲಿ ಪುಟ್ಟ ಮಕ್ಕಳು, ಪತಿ ಫ್ರಾಂಕ್ ಜೊತೆಗೂಡಿ ಕಾರ್ಖಾನೆಗಳಿಗೆ ಸಲಹೆ ಕೊಡುವ ಕಸುಬು. ಪದವಿ ಕೈತಪ್ಪಿತು. ಪ್ರಬಂಧ 1914ರಲ್ಲಿ ಪುಸ್ತಕವಾಗಿ ಹೊರಬಂತು. ಮುಂದೆ ಪ್ರಾವಿಡೆನ್ಸ್ ನಗರದ ಯಂತ್ರ ತಯಾರಿಕಾ ಕಂಪನಿಯೊಂದರ ಕೆಲಸಕ್ಕಾಗಿ ದಂಪತಿ ಅಲ್ಲಿಗೆ ಬಂದಾಗ, ಆಕೆ ಅದೇ ಊರಿನ ಬ್ರೌನ್ ವಿಶ್ವವಿದ್ಯಾಲಯ ಸೇರಿದರು. ಬೇರೆಯದೇ ಪ್ರಬಂಧ ಬರೆದು 1915ರಲ್ಲಿ ಡಾಕ್ಟರೇಟ್ ಪಡೆದರು.

ಕೆಲಸವನ್ನೇ ಅಧ್ಯಯನ ಮಾಡುವ ಶಾಸ್ತ್ರದ ಆದಿಯಲ್ಲೇ ಈ ಪ್ರಶ್ನೆ ಎದ್ದಿತ್ತು: ಇಂಥ ವಿಷಯದಲ್ಲಿ ಸಂಶೋಧನೆ ಮಾಡುವವರು ಎಲ್ಲಿ ಕೂರಬೇಕು, ವಿಶ್ವವಿದ್ಯಾಲಯದಲ್ಲೋ ಕಾರ್ಖಾನೆಯಲ್ಲೋ? ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಎಂದು ಹೆಸರಾದ ಈ ಶಾಸ್ತ್ರದ ಡಾಕ್ಟರೇಟ್ ಶಿಕ್ಷಣ ಅಂದಿನಿಂದ ಇಂದಿನವರೆಗೂ ಈ ಪ್ರಶ್ನೆಗೆ ಬಗೆಬಗೆಯಲ್ಲಿ ಉತ್ತರ ಹುಡುಕುತ್ತಲೇ ಬಂದಿದೆ.

ಮೆಕ್ಯಾನಿಕಲ್ ಎಂಜಿನಿಯರ್ ಯಂತ್ರವನ್ನು ವಿನ್ಯಾಸ ಮಾಡುತ್ತಾರೆ. ಇಂಡಸ್ಟ್ರಿಯಲ್ ಎಂಜಿನಿಯರ್‌ ನೋಡುವುದು ಆ ಯಂತ್ರ, ಅದರ ಮುಂದೆ ನಿಂತ ಕೆಲಸಗಾರ, ಬರುವ ಕಚ್ಚಾ ಸಾಮಗ್ರಿ, ಕಾಯುವ ಗ್ರಾಹಕ, ಗೋದಾಮು, ಲಾರಿ, ಶಿಫ್ಟ್ ಎಲ್ಲವೂ ಕೂಡಿ ಆಗುವ ವ್ಯವಸ್ಥೆಯನ್ನು. ಯಾವ ಕೆಲಸ ಮೊದಲು, ಎಷ್ಟು ದಾಸ್ತಾನು ಸಾಕು, ಯಾವ ಹಂತದಲ್ಲಿ ತಪಾಸಣೆ, ಎಲ್ಲಿ ಸಮಯ ಪೋಲಾಗುತ್ತಿದೆ ಎಂಬವು ಈ ಶಾಸ್ತ್ರದ ಪ್ರಶ್ನೆಗಳು. ಸಂಭವನೀಯತೆ, ಸಂಖ್ಯಾಶಾಸ್ತ್ರ, ಆಪ್ಟಿಮೈಸೇಷನ್, ಕಂಪ್ಯೂಟರ್ ಸಿಮ್ಯುಲೇಷನ್, ಮನುಷ್ಯನ ದೇಹ ಮತ್ತು ಮನಸ್ಸಿನ ಮಿತಿಗಳ ತಿಳಿವು ಇದರ ಸಲಕರಣೆಗಳು. ಆಸ್ಪತ್ರೆಯ ಆಪರೇಷನ್ ಥಿಯೇಟರ್‌ನ ವೇಳಾಪಟ್ಟಿ, ವಿಮಾನ ನಿಲ್ದಾಣದ ಸಾಲು, ರೈಲುಗಳ ಸಂಚಾರ ಎಲ್ಲವೂ ಇದರ ವ್ಯಾಪ್ತಿಗೆ ಬರುತ್ತವೆ.

ಅಮೆರಿಕದಲ್ಲಿ ಈ ವಿಷಯದ ಮೊದಲ ಪಿಎಚ್‌ಡಿ ಎಂದು ಸಾಮಾನ್ಯವಾಗಿ ಹೆಸರಿಸುವುದು ರಾಲ್ಫ್ ಬಾರ್ನ್ಸ್ ಅವರದನ್ನು. ಕೈಗಳ ಚಲನೆಯನ್ನು ಸಿನಿಮಾ ಕ್ಯಾಮೆರಾದಲ್ಲಿ ಹಿಡಿದು ವಿಶ್ಲೇಷಿಸುವ ವಿಧಾನದ ಮೇಲೆ ಬರೆದ ಪ್ರಬಂಧಕ್ಕೆ ಕಾರ್ನೆಲ್ ವಿಶ್ವವಿದ್ಯಾಲಯ 1933ರಲ್ಲಿ ಅವರಿಗೆ ಪದವಿ ಕೊಟ್ಟಿತು. ಎರಡನೇ ಮಹಾಯುದ್ಧದ ನಂತರ ಗಣಿತದ ಕಡೆಯಿಂದ ಆಪರೇಷನ್ಸ್ ರಿಸರ್ಚ್ ಎಂಬ ಇನ್ನೊಂದು ಹೊಳೆ ಬಂದು ಈ ಶಾಸ್ತ್ರವನ್ನು ಸೇರಿತು. ಎಂಐಟಿಯಲ್ಲಿ 1955ರಲ್ಲಿ ಆಪರೇಷನ್ಸ್ ರಿಸರ್ಚ್‌ನ ಮೊದಲ ಪಿಎಚ್‌ಡಿ ಪಡೆದವರು ಜಾನ್ ಲಿಟ್ಲ್. ಜಲವಿದ್ಯುತ್ ಯೋಜನೆಯೊಂದು ಸಂಗ್ರಹಿಸಿಟ್ಟ ನೀರನ್ನು ಯಾವಾಗ, ಎಷ್ಟು ಬಿಟ್ಟರೆ ಲೇಸು ಎಂಬುದು ಅವರ ವಿಷಯ. ಕೊಲಂಬಿಯಾ ನದಿಯ ಗ್ರ್ಯಾಂಡ್ ಕೂಲಿ ಅಣೆಕಟ್ಟಿನ ಲೆಕ್ಕಾಚಾರ ಅವರ ಮುಂದಿತ್ತು. ಇಂದು ಎಲ್ಲ ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕಲಿಯುವ ‘ಲಿಟ್ಲ್ ನಿಯಮ’ವನ್ನು 1961ರಲ್ಲಿ ಗಣಿತೀಯವಾಗಿ ಸಾಧಿಸಿ ತೋರಿಸಿದವರೂ ಅವರೇ. ವ್ಯವಸ್ಥೆಯೊಳಗೆ ಸರಾಸರಿ ಎಷ್ಟು ಜನ ಇರುತ್ತಾರೆ ಎಂಬುದು, ಜನ ಬರುವ ವೇಗವನ್ನು ಒಬ್ಬೊಬ್ಬರು ಒಳಗೆ ಕಳೆಯುವ ಸರಾಸರಿ ಸಮಯದಿಂದ ಗುಣಿಸಿದಷ್ಟು. ದರ್ಶಿನಿಯೊಂದಕ್ಕೆ ನಿಮಿಷಕ್ಕೆ ನಾಲ್ಕು ಜನ ಬಂದು, ತಲಾ ಹದಿನೈದು ನಿಮಿಷ ಒಳಗಿದ್ದರೆ, ಯಾವ ಹೊತ್ತಿನಲ್ಲಿ ನೋಡಿದರೂ ಸುಮಾರು ಅರವತ್ತು ಜನ ಕಾಣುತ್ತಾರೆ. ಇಷ್ಟು ಸರಳವಾದ ಸೂತ್ರ ಚಿಪ್ ಕಾರ್ಖಾನೆಯ ಒಳಗನ್ನೂ ವಿವರಿಸುತ್ತದೆ.

ಆಗ್ನೇಯ ಫ್ರಾನ್ಸ್‌ನ ಗ್ರೆನೋಬ್ಲ್ ನಗರದ ಬಳಿ ಕ್ರೋಲ್ ಎಂಬ ಪುಟ್ಟ ಊರಿದೆ. ಅಲ್ಲಿ ಎಸ್‌ಟಿ ಮೈಕ್ರೋಎಲೆಕ್ಟ್ರಾನಿಕ್ಸ್ ಕಂಪನಿಯ ಸೆಮಿಕಂಡಕ್ಟರ್ ಚಿಪ್ ಕಾರ್ಖಾನೆ ಇದೆ. 300 ಮಿಲಿಮೀಟರ್ ವ್ಯಾಸದ ಸಿಲಿಕಾನ್ ಬಿಲ್ಲೆಗಳು, ಅಂದರೆ ವೇಫರ್‌ಗಳು, ಇಪ್ಪತ್ತೈದರ ಲಾಟ್‌ಗಳಾಗಿ ಯಂತ್ರದಿಂದ ಯಂತ್ರಕ್ಕೆ ಸಾಗುತ್ತವೆ. ಇಂಥ ಕಾರ್ಖಾನೆಯಲ್ಲಿ ಒಂದು ವೇಫರ್ ನೂರಾರು ಹಂತಗಳನ್ನು ದಾಟಬೇಕು. ಶುರುವಿನಿಂದ ಕೊನೆಯವರೆಗೆ ಎರಡು ಮೂರು ತಿಂಗಳು ಹಿಡಿಯುವುದುಂಟು. ಕಾರಿನ ಜೋಡಣಾ ಸಾಲಿನಲ್ಲಿ ಕಾರು ಮುಂದೆ ಮುಂದೆ ಹೋಗುತ್ತದೆ. ವೇಫರ್ ಹಾಗಲ್ಲ, ಪದರದ ಮೇಲೆ ಪದರ ಮೂಡಿಸಬೇಕಾದ್ದರಿಂದ ಬೆಳಕಿನಿಂದ ವಿನ್ಯಾಸ ಮೂಡಿಸುವ ಅದೇ ಲಿತೋಗ್ರಫಿ ವಿಭಾಗಕ್ಕೆ ಹತ್ತಾರು ಸಲ ಮರಳಿ ಬರುತ್ತದೆ. ಮೊದಲ ಪದರದ ಲಾಟ್ ಮತ್ತು ಮೂವತ್ತನೇ ಪದರದ ಲಾಟ್ ಒಂದೇ ಯಂತ್ರದ ಮುಂದೆ ಕಾದು ನಿಂತಿರುತ್ತವೆ. ಯಾವುದನ್ನು ಮೊದಲು ಒಳಗೆ ಬಿಡಬೇಕು?

ತೊಡಕು ಅಷ್ಟಕ್ಕೇ ಮುಗಿಯುವುದಿಲ್ಲ. ರಾಸಾಯನಿಕದಲ್ಲಿ ತೊಳೆದ ವೇಫರ್ ನಿಗದಿತ ಗಂಟೆಗಳೊಳಗೆ ಕುಲುಮೆ ಸೇರದಿದ್ದರೆ ಅದರ ಮೇಲ್ಮೈ ಕೆಡುತ್ತದೆ. ಕುಲುಮೆಗೋ ಒಂದೇ ಲಾಟ್ ಹಾಕಿದರೆ ನಷ್ಟ, ಹಲವು ಲಾಟ್‌ ಕೂಡುವವರೆಗೆ ಕಾಯಬೇಕು. ಕಾದರೆ ಮೊದಲು ಬಂದದ್ದರ ಗಡುವು ಮೀರಬಹುದು. ಹಂತಹಂತಕ್ಕೂ ಅಳತೆ ಮಾಡಿ ನೋಡಿದರೆ ಸಮಯ ಹಾಳು, ನೋಡದಿದ್ದರೆ ಕೆಟ್ಟ ಯಂತ್ರವೊಂದು ನೂರಾರು ವೇಫರ್‌ಗಳನ್ನು ಸದ್ದಿಲ್ಲದೆ ಹಾಳುಮಾಡೀತು. ಹಾಗಾದರೆ ಅಳೆಯಬೇಕಾದ ಲಾಟ್ ಯಾವುದು? ಇಷ್ಟಿಷ್ಟು ಲಾಟ್‌ಗೆ ಒಂದು ಎಂಬ ಹಳೆಯ ಪದ್ಧತಿಯ ಬದಲು, ಯಾವ ಯಂತ್ರದ ಮೇಲಿನ ಅನಿಶ್ಚಿತತೆ ಈ ಕ್ಷಣ ಹೆಚ್ಚಾಗಿದೆಯೋ ಅದನ್ನು ತಗ್ಗಿಸುವ ಲಾಟನ್ನೇ ಆರಿಸಿ ಅಳೆಯುವ ವಿಧಾನವನ್ನು ಸೇಂಟ್ ಎಟಿಯೆನ್ ಗಣಿ ಎಂಜಿನಿಯರಿಂಗ್ ಶಾಲೆಯ ಸಂಶೋಧಕರು ಕ್ರೋಲ್‌ನ ಎಂಜಿನಿಯರ್‌ಗಳ ಜೊತೆ ಸೇರಿ ರೂಪಿಸಿ, 2010ರಲ್ಲಿ ಪ್ರಕಟಿಸಿದರು.

ಅಳೆಯಬೇಕಾದ ಲಾಟ್ ಯಾವುದು ಎಂಬಂಥ ಪ್ರಶ್ನೆ ಪಠ್ಯಪುಸ್ತಕದಲ್ಲಿ ಸಿದ್ಧವಾಗಿ ಸಿಗುವಂಥದ್ದಲ್ಲ. ಶಾಪ್‌ಫ್ಲೋರ್‌ನಲ್ಲಿ ನಿಂತು, ಆಪರೇಟರ್‌ಗಳ ಜೊತೆ ಮಾತಾಡಿ, ದತ್ತಾಂಶ ಕೆದಕಿದವರಿಗೆ ಮಾತ್ರ ಅದು ಕಾಣುತ್ತದೆ. ಆದರೆ ಕಂಡದ್ದನ್ನು ಗಣಿತದ ರೂಪಕ್ಕೆ ತಂದು, ಉತ್ತರ ಸರಿಯೆಂದು ತೋರಿಸಿ, ಬೇರೆ ಕಾರ್ಖಾನೆಗೂ ಒದಗುವಂತೆ ಬರೆಯಲು ವಿಶ್ವವಿದ್ಯಾಲಯದ ಪಳಗಿಕೆ ಬೇಕು. ಸಲಹೆಗಾರನ ಕೆಲಸಕ್ಕೂ ಪಿಎಚ್‌ಡಿಗೂ ಇರುವ ವ್ಯತ್ಯಾಸ ಇಲ್ಲಿದೆ. ಸಲಹೆಗಾರ ಒಂದು ಕಾರ್ಖಾನೆಯ ಒಂದು ತೊಂದರೆ ಬಿಡಿಸಿದರೆ ಸಾಕು. ಡಾಕ್ಟರೇಟ್ ವಿದ್ಯಾರ್ಥಿ ಆ ಜಾತಿಯ ತೊಂದರೆಗಳೆಲ್ಲ ಹೇಗೆ ಹುಟ್ಟುತ್ತವೆ, ಯಾವ ಸ್ಥಿತಿಯಲ್ಲಿ ಈ ಪರಿಹಾರ ನಿಲ್ಲುತ್ತದೆ, ಯಾವ ಸ್ಥಿತಿಯಲ್ಲಿ ಬೀಳುತ್ತದೆ ಎಂಬುದನ್ನೂ ಹೇಳಬೇಕು.

ಕಾರ್ಖಾನೆ ಮತ್ತು ವಿಶ್ವವಿದ್ಯಾಲಯ ಎರಡರಲ್ಲೂ ಕಾಲಿಡುವ ಇಂಥ ಸಂಶೋಧನೆಗೆ ಫ್ರಾನ್ಸ್ ಒಂದು ಕಾನೂನುಬದ್ಧ ಹಾದಿಯನ್ನೇ ಮಾಡಿಕೊಂಡಿದೆ. ‘ಸಿಫ್ರ್’ ಎಂದು ಕರೆಯುವ ಈ ಯೋಜನೆ ಶುರುವಾದದ್ದು 1981ರಲ್ಲಿ. ಕಂಪನಿ ಸಂಶೋಧನಾ ವಿದ್ಯಾರ್ಥಿಯನ್ನು ಮೂರು ವರ್ಷಕ್ಕೆ ನೌಕರಿಗೆ ತೆಗೆದುಕೊಳ್ಳುತ್ತದೆ. ಸಂಬಳ ಕೊಡುವುದು ಕಂಪನಿ, ಪದವಿ ಕೊಡುವುದು ವಿಶ್ವವಿದ್ಯಾಲಯ. ಕಂಪನಿಗೆ ಸರ್ಕಾರದ ಸಹಾಯಧನ ಸಿಗುತ್ತದೆ. ಹಲವು ವರ್ಷಗಳ ಕಾಲ ಅದು ವರ್ಷಕ್ಕೆ 14,000 ಯೂರೋ ಇತ್ತು. ಜೊತೆಗೆ ಸಂಶೋಧನೆಯ ಖರ್ಚಿನ ಮೇಲೆ ತೆರಿಗೆ ವಿನಾಯಿತಿಯೂ ಉಂಟು. ವಿದ್ಯಾರ್ಥಿಗೆ ಎರಡು ಮೇಜು, ಇಬ್ಬರು ಗೈಡ್: ಒಬ್ಬರು ಪ್ರಯೋಗಾಲಯದವರು, ಇನ್ನೊಬ್ಬರು ಕಂಪನಿಯವರು. ವಾರದ ಯಾವ ದಿನ ಎಲ್ಲಿ, ಫಲಿತಾಂಶದ ಹಕ್ಕು ಯಾರದು, ಏನನ್ನು ಯಾವಾಗ ಪ್ರಕಟಿಸಬಹುದು ಎಂಬುದೆಲ್ಲ ಪ್ರಯೋಗಾಲಯ ಮತ್ತು ಕಂಪನಿಯ ನಡುವಿನ ಒಪ್ಪಂದದಲ್ಲಿ ದಾಖಲಾಗಿರುತ್ತದೆ. ಇತ್ತೀಚಿನ ವರ್ಷಗಳಲ್ಲಿ ಸಾವಿರದ ಐನೂರಕ್ಕೂ ಹೆಚ್ಚು ಹೊಸ ವಿದ್ಯಾರ್ಥಿಗಳು ವರ್ಷವರ್ಷವೂ ಈ ಹಾದಿಗೆ ಬರುತ್ತಿದ್ದಾರೆ.

ಡೆನ್ಮಾರ್ಕ್‌ನಲ್ಲಿ ಇಂಥದ್ದೇ ವ್ಯವಸ್ಥೆ 1970ರ ದಶಕದಿಂದ ಇದೆ. ಅಲ್ಲಿಯೂ ವಿದ್ಯಾರ್ಥಿ ಕಂಪನಿಯ ನೌಕರ, ವಿಶ್ವವಿದ್ಯಾಲಯದಲ್ಲಿ ನೋಂದಾಯಿತ ಸಂಶೋಧಕ. ಸಮಯ ಎರಡೂ ಕಡೆ ಹಂಚಿಹೋಗುತ್ತದೆ.

ಜರ್ಮನಿಯ ದಾರಿ ಬೇರೆ. ಆಖೆನ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ 1906ರಲ್ಲಿ ಯಂತ್ರೋಪಕರಣ ಪ್ರಯೋಗಾಲಯವೊಂದು ಹುಟ್ಟಿತು. ಅದನ್ನು ಕಟ್ಟಿದ ಅಡಾಲ್ಫ್ ವಾಲಿಕ್ಸ್, ಅಮೆರಿಕದ ಎಂಜಿನಿಯರ್ ಫ್ರೆಡರಿಕ್ ಟೇಲರ್‌ ಅವರ ಕಾರ್ಖಾನೆ ನಿರ್ವಹಣೆಯ ಪುಸ್ತಕವನ್ನು ಜರ್ಮನ್ ಭಾಷೆಗೆ ತಂದವರು. ಅಲ್ಲಿ ಡಾಕ್ಟರೇಟ್ ವಿದ್ಯಾರ್ಥಿ ಸಂಸ್ಥೆಯ ಸಂಬಳದ ನೌಕರ. ನಾಲ್ಕೈದು ವರ್ಷ ಕಂಪನಿಗಳ ಪ್ರಾಜೆಕ್ಟ್‌ಗಳನ್ನು ಮಾಡುತ್ತ, ಅವುಗಳೊಳಗಿಂದಲೇ ತನ್ನ ಪ್ರಬಂಧದ ವಿಷಯವನ್ನು ಹೆಕ್ಕಿ ತೆಗೆಯುತ್ತಾನೆ. ಎಂಜಿನಿಯರಿಂಗ್ ಪ್ರಾಧ್ಯಾಪಕರಾಗಲು ಉದ್ಯಮದಲ್ಲಿ ವರ್ಷಗಟ್ಟಲೆ ದುಡಿದ ಅನುಭವ ಬೇಕೆನ್ನುವುದು ಆ ದೇಶದ ರೂಢಿ. ಹಾಗಾಗಿ ಗೈಡ್‌ಗೂ ಕಾರ್ಖಾನೆಯ ಭಾಷೆ ಗೊತ್ತಿರುತ್ತದೆ.

ಬ್ರಿಟನ್ನಿನ ಕಥೆಗೆ ಬೆಂಗಳೂರಿನ ನಂಟಿದೆ. ಬರ್ಮಿಂಗ್‌ಹ್ಯಾಂನ ಲ್ಯೂಕಾಸ್ ಇಂಡಸ್ಟ್ರೀಸ್ ವಾಹನಗಳ ಬಿಡಿಭಾಗ ತಯಾರಿಸುವ ದೊಡ್ಡ ಕಂಪನಿಯಾಗಿತ್ತು. 1961ರಲ್ಲಿ ಶುರುವಾದ ಚೆನ್ನೈನ ಲ್ಯೂಕಾಸ್ ಟಿವಿಎಸ್ ಮೂಲಕ ಅದರ ಹೆಸರು ಭಾರತಕ್ಕೂ ಪರಿಚಿತ. ಅದೇ ದಶಕದಲ್ಲಿ ಕುಮಾರ್ ಭಟ್ಟಾಚಾರ್ಯ ಎಂಬ ಬಂಗಾಳಿ ತರುಣ ಆ ಕಂಪನಿಗೆ ತರಬೇತಿಗಾಗಿ ಸೇರಿದರು. ಬೆಳೆದದ್ದು ಬೆಂಗಳೂರಿನಲ್ಲಿ, ಎಂಜಿನಿಯರಿಂಗ್ ಓದಿದ್ದು ಖರಗಪುರದ ಐಐಟಿಯಲ್ಲಿ. ಲ್ಯೂಕಾಸ್‌ನ ಶಾಪ್‌ಫ್ಲೋರ್ ಕಂಡ ಮೇಲೆ ಬರ್ಮಿಂಗ್‌ಹ್ಯಾಂ ವಿಶ್ವವಿದ್ಯಾಲಯದಲ್ಲಿ ಉತ್ಪಾದನಾ ಎಂಜಿನಿಯರಿಂಗ್‌ನ ಪಿಎಚ್‌ಡಿ ಮಾಡಿದರು. 1980ರಲ್ಲಿ ವಾರ್ವಿಕ್ ವಿಶ್ವವಿದ್ಯಾಲಯದಲ್ಲಿ ‘ವಾರ್ವಿಕ್ ಮ್ಯಾನುಫ್ಯಾಕ್ಚರಿಂಗ್ ಗ್ರೂಪ್’ ಕಟ್ಟಿದರು. ಬ್ರಿಟನ್ನಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚುತ್ತಿದ್ದ ಕಾಲ ಅದು. ಕಂಪನಿಗಳ ಎಂಜಿನಿಯರ್‌ಗಳು ನೌಕರಿಯಲ್ಲಿದ್ದುಕೊಂಡೇ ಓದಬೇಕು, ಅವರ ಸಂಶೋಧನೆ ಕಂಪನಿಯ ನಿಜವಾದ ಸಮಸ್ಯೆಯ ಮೇಲೇ ಆಗಬೇಕು ಎಂಬುದು ಅವರ ಪಟ್ಟು.

ಲ್ಯೂಕಾಸ್‌ನಲ್ಲೇ ಉತ್ಪಾದನಾ ವ್ಯವಸ್ಥೆಗಳ ಹೊಣೆ ಹೊತ್ತಿದ್ದ ಜಾನ್ ಪಾರ್ನಬಿ 1990ರಲ್ಲಿ ಒಂದು ವರದಿ ಕೊಟ್ಟರು. ಉದ್ಯಮಕ್ಕೆ ಬೇಕಾದ ಉನ್ನತ ಎಂಜಿನಿಯರ್‌ಗಳನ್ನು ತಯಾರು ಮಾಡಲು ಬೇರೆ ಬಗೆಯ ಡಾಕ್ಟರೇಟ್ ಬೇಕು ಎಂಬುದು ಅದರ ಶಿಫಾರಸು. ಅದರ ಫಲವಾಗಿ 1992ರಲ್ಲಿ ‘ಎಂಜಿನಿಯರಿಂಗ್ ಡಾಕ್ಟರೇಟ್’ ಶುರುವಾಯಿತು. ಅವಧಿ ನಾಲ್ಕು ವರ್ಷ. ವಿದ್ಯಾರ್ಥಿಯನ್ನು ‘ರಿಸರ್ಚ್ ಎಂಜಿನಿಯರ್’ ಎಂದೇ ಕರೆದರು. ಸುಮಾರು ಮುಕ್ಕಾಲು ಭಾಗ ಸಮಯ ಕಂಪನಿಯಲ್ಲಿ, ಉಳಿದದ್ದು ವಿಶ್ವವಿದ್ಯಾಲಯದಲ್ಲಿ. ತಾಂತ್ರಿಕ ವಿಷಯಗಳ ಜೊತೆಗೆ ಹಣಕಾಸು, ನಿರ್ವಹಣೆಯ ಪಾಠಗಳೂ ಇದ್ದವು. ಮೊದಲ ಕೇಂದ್ರಗಳಲ್ಲಿ ವಾರ್ವಿಕ್ ಕೂಡ ಒಂದು. ಭಟ್ಟಾಚಾರ್ಯ ಮುಂದೆ ಬ್ರಿಟನ್ನಿನ ಮೇಲ್ಮನೆಯ ಸದಸ್ಯರಾದರು. ಟಾಟಾ ಮೋಟಾರ್ಸ್ 2008ರಲ್ಲಿ ಜಾಗ್ವಾರ್ ಲ್ಯಾಂಡ್ ರೋವರನ್ನು ಕೊಂಡಾಗ ಅದರ ಹಿಂದೆ ಅವರ ಸಲಹೆಯೂ ಇತ್ತು. ಅವರು 2019ರಲ್ಲಿ ತೀರಿಕೊಂಡರು. ವಾರ್ವಿಕ್, ಟಾಟಾ ಮೋಟಾರ್ಸ್ ಮತ್ತು ಜಾಗ್ವಾರ್ ಲ್ಯಾಂಡ್ ರೋವರ್ ಸೇರಿ ಕಟ್ಟಿದ ವಾಹನ ಸಂಶೋಧನಾ ಕೇಂದ್ರ 2020ರಲ್ಲಿ ಉದ್ಘಾಟನೆಯಾಯಿತು. ವಿಶ್ವವಿದ್ಯಾಲಯದ ಸಂಶೋಧಕರೂ ಕಂಪನಿಯ ಎಂಜಿನಿಯರ್‌ಗಳೂ ಒಂದೇ ಸೂರಿನಡಿ ಕೂರುವ ಆ ಕಟ್ಟಡಕ್ಕೆ ಭಟ್ಟಾಚಾರ್ಯ ಅವರ ಹೆಸರಿಟ್ಟಿದ್ದಾರೆ.

ಇಬ್ಬರು ಯಜಮಾನರ ನಡುವಿನ ಈ ದುಡಿಮೆ ಸುಲಭದ್ದೇನಲ್ಲ. ಕಂಪನಿಗೆ ಉತ್ತರ ಬೇಕಾಗಿರುವುದು ಈ ತ್ರೈಮಾಸಿಕದಲ್ಲಿ, ಪ್ರಬಂಧ ಬೇಡುವುದು ಮೂರು ನಾಲ್ಕು ವರ್ಷಗಳ ತಾಳ್ಮೆಯನ್ನು. ವಿಷಯ ಆರಿಸಿಕೊಟ್ಟ ಮ್ಯಾನೇಜರ್ ನಡುವೆ ವರ್ಗವಾಗಿ ಹೋದರೆ, ಹೊಸದಾಗಿ ಬಂದವರಿಗೆ ಆ ವಿಷಯದಲ್ಲಿ ಆಸಕ್ತಿಯೇ ಇಲ್ಲದಿರಬಹುದು. ಉತ್ಪಾದನೆಯ ಸಾಲೇ ಮುಚ್ಚಿಹೋಗಬಹುದು. ಆಗ ವಿದ್ಯಾರ್ಥಿಯ ಬಳಿ ಉಳಿಯುವುದು ಅರ್ಧ ದತ್ತಾಂಶ. ಕಡಿಮೆ ಸಂಬಳಕ್ಕೆ ಸಿಕ್ಕ ಇನ್ನೊಬ್ಬ ಎಂಜಿನಿಯರ್ ಎಂದು ಬಗೆದು ದಿನನಿತ್ಯದ ಕೆಲಸಕ್ಕೆ ಹಚ್ಚುವ ಅಪಾಯವೂ ಇದೆ.

ಎಲ್ಲಕ್ಕಿಂತ ಬಿಕ್ಕಟ್ಟಿನದು ಗೋಪ್ಯತೆ. ಯಾವ ಯಂತ್ರದಲ್ಲಿ ಎಷ್ಟು ಹಾಳಾಗುತ್ತದೆ, ಒಂದು ಲಾಟ್‌ಗೆ ಎಷ್ಟು ದಿನ ಹಿಡಿಯುತ್ತದೆ ಎಂಬ ಅಂಕಿಗಳು ಪ್ರತಿಸ್ಪರ್ಧಿಯ ಕೈಗೆ ಸಿಗಬಾರದೆಂದು ಕಂಪನಿ ಬಯಸುವುದು ಸಹಜ. ಪ್ರಕಟವಾಗದ ಸಂಶೋಧನೆಯನ್ನು ಇತರ ವಿದ್ವಾಂಸರು ಪರೀಕ್ಷಿಸಲಾಗದು ಎಂಬ ವಿಶ್ವವಿದ್ಯಾಲಯದ ವಾದವೂ ಅಷ್ಟೇ ನ್ಯಾಯವಾದದ್ದು. ಅನುಭವಿ ಸಂಸ್ಥೆಗಳು ಇದಕ್ಕೆ ಕೆಲವು ದಾರಿಗಳನ್ನು ಕಂಡುಕೊಂಡಿವೆ. ವಿಧಾನವನ್ನು ಪ್ರಕಟಿಸಿ ಅಂಕಿಗಳನ್ನು ಮಾರ್ಪಡಿಸಿ ಕೊಡುವುದು ಒಂದು. ಪೇಟೆಂಟ್ ಅರ್ಜಿ ಹೋಗುವವರೆಗೆ ಲೇಖನವನ್ನು ಕೆಲವು ತಿಂಗಳು ತಡೆಹಿಡಿಯುವುದು ಇನ್ನೊಂದು. ಫ್ರಾನ್ಸ್‌ನಲ್ಲಿ ಪ್ರಬಂಧವನ್ನೇ ನಿಗದಿತ ಕಾಲದವರೆಗೆ ಗೋಪ್ಯವಾಗಿಟ್ಟು, ವೈವಾವನ್ನು ಮುಚ್ಚಿದ ಬಾಗಿಲ ಹಿಂದೆ ನಡೆಸಲೂ ಅವಕಾಶವಿದೆ. ಯಾವುದನ್ನೇ ಆರಿಸಿದರೂ ಅದು ಮೊದಲ ದಿನವೇ ತೀರ್ಮಾನವಾಗಿರಬೇಕು. ಮೂರನೇ ವರ್ಷದಲ್ಲಿ ಕಂಪನಿಯ ವಕೀಲರ ಮುಂದೆ ಕೂತು ತೀರ್ಮಾನಿಸುವಂತಾದರೆ ವಿದ್ಯಾರ್ಥಿಯ ಬದುಕು ತೂಗುಯ್ಯಾಲೆಯಾಗುತ್ತದೆ.

ಭಾರತದಲ್ಲಿ ಈ ಶಾಸ್ತ್ರದ ಬೇರುಗಳು ಹಳೆಯವು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ನೆರವಿನಿಂದ 1963ರಲ್ಲಿ ಮುಂಬೈಯಲ್ಲಿ ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಕಲಿಸುವ ‘ನೀಟಿ’ ಸಂಸ್ಥೆ ಹುಟ್ಟಿತು. 2023ರಲ್ಲಿ ಅದು ಐಐಎಂ ಮುಂಬೈ ಆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ವಿಶ್ವನಾಥಂ ಮತ್ತು ಅವರ ಬಳಿ ಪಿಎಚ್‌ಡಿ ಮಾಡಿದ ವೈ. ನರಹರಿ 1980ರ ದಶಕದಲ್ಲಿ ಸ್ವಯಂಚಾಲಿತ ಕಾರ್ಖಾನೆಗಳ ಗಣಿತೀಯ ಮಾದರಿಗಳ ಮೇಲೆ ದುಡಿದರು. ಅವರು ಬಳಸಿಕೊಂಡ ‘ಪೆಟ್ರಿ ನೆಟ್’ ಎಂಬ ಸಾಧನವೂ ಒಂದು ಡಾಕ್ಟರೇಟ್ ಪ್ರಬಂಧದ ಕೂಸೇ. ಕಾರ್ಲ್ ಆಡಂ ಪೆಟ್ರಿ 1962ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಅದಕ್ಕೆ ಡಾಕ್ಟರೇಟ್ ಪಡೆದಿದ್ದರು. ಯಂತ್ರಗಳ ನಡುವಿನ ಸಂವಹನದ ತಾತ್ವಿಕ ಚಿಂತನೆಯಾಗಿ ಹುಟ್ಟಿದ್ದು, ಎರಡು ದಶಕಗಳ ನಂತರ ಬೆಂಗಳೂರಿನಲ್ಲಿ ಕಾರ್ಖಾನೆಯ ಸಾಮರ್ಥ್ಯ ಅಳೆಯುವ ಉಪಕರಣವಾಯಿತು. ವಿಶ್ವನಾಥಂ ಮತ್ತು ನರಹರಿ ಸೇರಿ ಬರೆದ ಪುಸ್ತಕ 1992ರಲ್ಲಿ ಪ್ರಕಟವಾಯಿತು. ರೈಲ್ವೆ ಇಲಾಖೆ 2020ರಲ್ಲಿ ತನ್ನ ವೇಳಾಪಟ್ಟಿಯನ್ನು ಶೂನ್ಯದಿಂದ ಮತ್ತೆ ಕಟ್ಟಲು ಹೊರಟಾಗ ಮೊರೆಹೋದದ್ದು ಐಐಟಿ ಬಾಂಬೆಯನ್ನು. ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಮತ್ತು ಆಪರೇಷನ್ಸ್ ರಿಸರ್ಚ್‌ಗೆಂದೇ ಅಲ್ಲೊಂದು ವಿಭಾಗವಿದೆ.

ನೌಕರಿ ಬಿಡದೆ ಸಂಶೋಧನೆ ಮಾಡುವ ದಾರಿಗಳೂ ಇಲ್ಲಿವೆ. ಉದ್ಯಮ ಮತ್ತು ಸಂಶೋಧನಾ ಸಂಸ್ಥೆಗಳಲ್ಲಿ ಕೆಲಸ ಮಾಡುವವರಿಗಾಗಿ ಭಾರತೀಯ ವಿಜ್ಞಾನ ಸಂಸ್ಥೆ ‘ಎಕ್ಸ್‌ಟರ್ನಲ್ ರಿಜಿಸ್ಟ್ರೇಷನ್’ ಎಂಬ ಕಾರ್ಯಕ್ರಮ ನಡೆಸುತ್ತ ಬಂದಿದೆ. ಕೋರ್ಸ್‌ವರ್ಕ್‌ಗೆ ಕ್ಯಾಂಪಸ್, ಸಂಶೋಧನೆಗೆ ತಮ್ಮದೇ ಸಂಸ್ಥೆ. ಕೇಂದ್ರ ಸರ್ಕಾರ ಮತ್ತು ಉದ್ಯಮ ಸರಿಸಮನಾಗಿ ಹಣ ಹಾಕುವ ‘ಡಾಕ್ಟರೇಟ್ ಸಂಶೋಧನೆಗಾಗಿ ಪ್ರಧಾನಮಂತ್ರಿ ಫೆಲೋಶಿಪ್’ 2010ರ ದಶಕದಲ್ಲಿ ಬಂತು. ಅದರಲ್ಲಿ ಕಂಪನಿ ಹಣದ ಜೊತೆಗೆ ತನ್ನ ಕಡೆಯ ಮಾರ್ಗದರ್ಶಕರನ್ನೂ ಕೊಡುತ್ತದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ಪಿಎಚ್‌ಡಿ ನಿಯಮಾವಳಿ ಅರೆಕಾಲಿಕ ಪಿಎಚ್‌ಡಿಗೆ ಸ್ಪಷ್ಟ ಅವಕಾಶ ಕೊಟ್ಟಿತು.

ಕರ್ನಾಟಕದಲ್ಲಿ ಇದಕ್ಕೆ ಬೇಕಾದ ನೆಲ ಸಿದ್ಧವಾಗಿದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ವ್ಯಾಪ್ತಿಯಲ್ಲಿ ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಅಂಡ್ ಮ್ಯಾನೇಜ್‌ಮೆಂಟ್ (ಐಇಎಂ) ವಿಭಾಗಗಳು ಬೆಳೆದು ಬಂದಿವೆ. ಬೆಂಗಳೂರಿನ ಆರ್‌ವಿ, ಬಿಎಂಎಸ್, ರಾಮಯ್ಯ, ತುಮಕೂರಿನ ಸಿದ್ಧಗಂಗಾ ಕಾಲೇಜುಗಳಲ್ಲಿ ಓದಿದ ಐಇಎಂ ಪದವೀಧರರು ಬಿಡದಿಯ ಕಾರು ಕಾರ್ಖಾನೆಯಿಂದ ಹಿಡಿದು ಪೀಣ್ಯದ ಬಿಡಿಭಾಗದ ಘಟಕಗಳವರೆಗೆ ಕೆಲಸ ಮಾಡುತ್ತಾರೆ. ವಿಮಾನ ತಯಾರಿಸುವ ಎಚ್‌ಎಎಲ್, ರಕ್ಷಣಾ ಎಲೆಕ್ಟ್ರಾನಿಕ್ಸ್‌ನ ಬಿಇಎಲ್‌ನಂಥ ಸಾರ್ವಜನಿಕ ಉದ್ಯಮಗಳಿವೆ. ವಿಮಾನದ ಒಂದು ಭಾಗ ಎಷ್ಟು ದಿನ ಯಾರ ಮೇಜಿನ ಮೇಲೆ ಕಾಯುತ್ತದೆ, ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕೂರುವ ಹೆಣ್ಣುಮಕ್ಕಳ ಬೆನ್ನುನೋವಿಗೆ ಆಸನದ ಎತ್ತರ ಎಷ್ಟು ಕಾರಣ, ಸಣ್ಣ ಘಟಕವೊಂದು ದೊಡ್ಡ ಕಂಪನಿಯ ಆರ್ಡರ್ ಬದಲಾದಾಗಲೆಲ್ಲ ಎಷ್ಟು ನಷ್ಟ ಹೊರುತ್ತದೆ ಎಂಬವು ಇಲ್ಲಿಯೇ ಕೂತು ಉತ್ತರಿಸಬೇಕಾದ ಪ್ರಶ್ನೆಗಳು. ಇವನ್ನು ಗ್ರೆನೋಬ್ಲ್‌ನವರಾಗಲಿ ವಾರ್ವಿಕ್‌ನವರಾಗಲಿ ಬಿಡಿಸಿ ಕೊಡುವುದಿಲ್ಲ.

ಕೊರತೆ ಇರುವುದು ಕಾಗದದಲ್ಲಿ. ಯುಜಿಸಿ ನಿಯಮದಂತೆ ಅರೆಕಾಲಿಕ ವಿದ್ಯಾರ್ಥಿ ತನ್ನ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ ತರಬೇಕು. ಓದಲು ಅನುಮತಿ ಇದೆ, ಸಂಶೋಧನೆಗೆ ಸಾಕಷ್ಟು ಸಮಯ ಸಿಗುತ್ತದೆ, ಅಗತ್ಯ ಬಿದ್ದರೆ ಕೋರ್ಸ್‌ವರ್ಕ್‌ಗೆ ಬಿಡುವು ಕೊಡುತ್ತೇವೆ ಎಂದು ಅದರಲ್ಲಿ ಹೇಳಿರಬೇಕು. ಅಷ್ಟು ಒಳ್ಳೆಯದೇ. ಆದರೆ ಕಂಪನಿಯ ಯಾವ ದತ್ತಾಂಶ ವಿದ್ಯಾರ್ಥಿಗೆ ಸಿಗುತ್ತದೆ, ಕಂಪನಿಯ ಕಡೆಯ ಗೈಡ್ ಯಾರು, ಅವರು ಬಿಟ್ಟುಹೋದರೆ ಮುಂದೆ ಯಾರು, ಎಷ್ಟು ತಿಂಗಳಿಗೊಮ್ಮೆ ವಿದ್ಯಾರ್ಥಿ ಮತ್ತು ಇಬ್ಬರು ಗೈಡ್‌ಗಳು ಕೂತು ಪರಿಶೀಲಿಸಬೇಕು, ಏನನ್ನು ಪ್ರಕಟಿಸಬಹುದು ಎಂಬುದನ್ನು ಆ ಪತ್ರ ಹೇಳಬೇಕಾಗಿಲ್ಲ. ಸಿಫ್ರ್ ಮಾದರಿಯಲ್ಲಿ ಇವೇ ಮೊದಲು ಬರುವ ಸಂಗತಿಗಳು. ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಕಾಲೇಜಿನ ಸಂಶೋಧನಾ ಕೇಂದ್ರ, ಕಂಪನಿ ಮತ್ತು ವಿದ್ಯಾರ್ಥಿ ಕೂತು ಮೂರು ನಾಲ್ಕು ಪುಟಗಳ ಒಪ್ಪಂದ ಬರೆದುಕೊಂಡರೆ ಆಯಿತು. ದೊಡ್ಡ ಕಂಪನಿಗಳಿಗೆ ಇದನ್ನು ನೋಡಿಕೊಳ್ಳಲು ಕಾನೂನು ವಿಭಾಗಗಳಿವೆ. ಐವತ್ತು ಜನರ ಘಟಕ ನಡೆಸುವ ಮಾಲೀಕರಿಗೆ ಅಂಥ ಅನುಕೂಲವಿಲ್ಲ. ವಿಟಿಯು ಅಥವಾ ಕೈಗಾರಿಕಾ ಸಂಘಗಳು ಮಾದರಿ ಒಪ್ಪಂದವೊಂದನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸಿದ್ಧಪಡಿಸಿ ಎಲ್ಲರ ಕೈಗೆಟಕುವಂತೆ ಇಟ್ಟರೆ, ಡಾಕ್ಟರೇಟ್ ಸಂಶೋಧನೆ ಸಣ್ಣ ಕಾರ್ಖಾನೆಗಳ ಬಾಗಿಲಿಗೂ ಬರುತ್ತದೆ.